ಸೇರಿ ಬರೆಯುವವರಿಗೆ ಗಿಟ್ ಒಗ್ಗುತ್ತದೆಯೇ?

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿರುವ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕಲೆತ ಸುಮಾರು ಎರಡು ಡಜನ್ ಗಣಿತಜ್ಞರು ಹೋಮೋಟೋಪಿ ಟೈಪ್ ಥಿಯರಿ ಎಂಬ ಗಣಿತದ ಶಾಖೆಯ ಮೇಲೆ 600 ಪುಟಗಳಷ್ಟು ದೊಡ್ಡ ಗ್ರಂಥವೊಂದನ್ನು ಆರು ತಿಂಗಳೊಳಗೆ ಬರೆದು 2013ರಲ್ಲಿ ಹೊರತಂದರು. ಅಷ್ಟು ಜನರ ತಿದ್ದುಪಡಿಗಳನ್ನು ಒಂದೇ ಹಸ್ತಪ್ರತಿಯಲ್ಲಿ ಹಿಡಿದಿಟ್ಟದ್ದು ಗಿಟ್. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಕೋಡ್ ನೋಡಿಕೊಳ್ಳಲೆಂದು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಕಟ್ಟಿದ ಆವೃತ್ತಿ ನಿಯಂತ್ರಣ ವ್ಯವಸ್ಥೆ, ಅಂದರೆ ಕಡತಗಳಲ್ಲಿ ಯಾರು ಯಾವಾಗ ಏನು ಬದಲಿಸಿದರೆಂದು ದಾಖಲಿಸಿಡುವ ತಂತ್ರಾಂಶ, ಅದು.

ಇಬ್ಬರು ತಿದ್ದಿದ ಪ್ರತಿಗಳನ್ನು ಬೆಸೆಯುವಾಗ ಗಿಟ್ ಎರಡಕ್ಕೂ ಮೂಲವಾಗಿದ್ದ ಹಳೆಯ ಪ್ರತಿಯನ್ನೂ ಹೊರತೆಗೆದು ಮೂರನ್ನೂ ಹೋಲಿಸುತ್ತದೆ. ಒಬ್ಬರೇ ಮುಟ್ಟಿದ ಭಾಗ ತಾನಾಗಿಯೇ ಸೇರಿಕೊಳ್ಳುತ್ತದೆ. ಒಂದೇ ಜಾಗವನ್ನು ಇಬ್ಬರೂ ಬೇರೆ ಬೇರೆ ರೀತಿ ತಿದ್ದಿದ್ದರೆ ತೀರ್ಮಾನ ಲೇಖಕರದು.

ತೊಡಕು ಇರುವುದು ಈ ಹೋಲಿಕೆ ಸಾಲಿನ ಲೆಕ್ಕದಲ್ಲಿ ನಡೆಯುವುದರಲ್ಲಿ. ಪ್ರೋಗ್ರಾಮಿನ ಸಾಲುಗಳು ಚಿಕ್ಕವು. ಗದ್ಯ ಬರೆಯುವವರು ಎಂಟರ್ ಒತ್ತುವುದು ಪ್ಯಾರಾ ಮುಗಿದ ಮೇಲೆಯೇ, ಹಾಗಾಗಿ ಗಿಟ್‌ನ ಕಣ್ಣಿಗೆ ಇಡೀ ಪ್ಯಾರಾ ಒಂದು ಸಾಲು. ಒಂದು ಅಲ್ಪವಿರಾಮ ತೆಗೆದರೂ ಪ್ಯಾರಾ ಪೂರ್ತಿ ಬದಲಾಯಿತೆಂದು ಅದು ತೋರಿಸುತ್ತದೆ. ಇದಕ್ಕೆ ಮದ್ದು ಗಿಟ್ ಹುಟ್ಟುವ ಮೊದಲೇ ಇತ್ತು: ಪ್ರತಿ ವಾಕ್ಯವನ್ನೂ ಹೊಸ ಸಾಲಿನಲ್ಲಿ ಆರಂಭಿಸಿ ಎಂದು ಕಂಪ್ಯೂಟರ್ ವಿಜ್ಞಾನಿ ಬ್ರಯಾನ್ ಕರ್ನಿಹನ್ 1974ರಲ್ಲೇ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಕಲಿಯುವವರಿಗೆ ಸಲಹೆ ಕೊಟ್ಟಿದ್ದರು. ಸರಳ ಪಠ್ಯದಲ್ಲೇ ವಿನ್ಯಾಸದ ಗುರುತುಗಳನ್ನು ಹಾಕಿ ಬರೆಯುವ ಲೇಟೆಕ್ ಅಥವಾ ಮಾರ್ಕ್‌ಡೌನ್‌ನಲ್ಲಿ ಹೀಗೆ ಬರೆದರೆ ಮುದ್ರಣದಲ್ಲಿ ವಾಕ್ಯಗಳು ಕೂಡಿಕೊಂಡು ಪ್ಯಾರಾ ಆಗುತ್ತವೆ. ಸೇರಿ ಬರೆಯುವ ಪ್ರತಿಯೊಂದು ತಂಡವೂ ಮೊದಲ ದಿನವೇ ಈ ನಿಯಮವನ್ನು ಒಪ್ಪಿಕೊಳ್ಳಬೇಕು ಎನ್ನುತ್ತೇನೆ.

ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನೂ ಗಮನಿಸಬೇಕು. ‘ಕೊ’ ಎಂಬಲ್ಲಿನ ಒಕಾರದ ಚಿಹ್ನೆಗೆ, ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಮಾನಕದಲ್ಲಿ, ತನ್ನದೇ ಸಂಕೇತವಿದೆ; ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟರೂ ಅದೇ ರೂಪ ಮೂಡುತ್ತದೆ. ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸವಿಲ್ಲ, ಆದರೆ ಗಿಟ್‌ಗೆ ಅವು ಎರಡು ಬೇರೆ ಪದಗಳು. ಯಾರೂ ಮುಟ್ಟದ ವಾಕ್ಯ ತಿದ್ದುಪಡಿಯ ಪಟ್ಟಿಯಲ್ಲಿ ಬಂದರೆ ಮೊದಲು ಇದನ್ನು ಪರೀಕ್ಷಿಸಬೇಕು. ಎಲ್ಲರ ಕಡತಗಳನ್ನೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದುಕೊಂಡರೆ ಈ ಕಾಟ ತಪ್ಪುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿರುವ ಪಠ್ಯವನ್ನಂತೂ ಯೂನಿಕೋಡ್‌ಗೆ ಬದಲಿಸದೆ ಒಳಗೆ ತರಲೇಬಾರದು.

ವರ್ಡ್ ಕಡತವನ್ನು ಗಿಟ್‌ನಲ್ಲಿ ಇಡಬಹುದು, ಫಲ ಕಡಿಮೆ. ವರ್ಡ್‌ನ .docx ಕಡತವೆಂದರೆ ಎಕ್ಸ್‌ಎಂಎಲ್ ಎಂಬ ಗುರುತು ಭಾಷೆಯ ಕಡತಗಳನ್ನು ಜಿಪ್ ಮಾಡಿದ ಗಂಟು. ಒಳಗೆ ಏನು ಬದಲಾಯಿತೆಂದು ಗಿಟ್ ತಾನಾಗಿ ಓದಿ ಹೇಳಲಾರದು. ಮೂವರು ಸೇರಿ ವಾರದಲ್ಲಿ ಮುಗಿಸುವ ಲೇಖನಕ್ಕೆ ಗೂಗಲ್ ಡಾಕ್ಸ್ ಧಾರಾಳವಾಗಿ ಸಾಕು. ಅಲ್ಲಿಯೂ ಹಳೆಯ ಆವೃತ್ತಿಗಳು ಉಳಿಯುತ್ತವೆ, ಆದರೆ ಪ್ರತಿ ತಿದ್ದುಪಡಿಯ ಜೊತೆ ಅದರ ಕಾರಣವನ್ನು ಬರೆದಿಡುವ ಶಿಸ್ತನ್ನು ಅದು ಕೇಳುವುದಿಲ್ಲ. ನಿಘಂಟಿಗೆ, ಗ್ರಂಥಸಂಪಾದನೆಗೆ ಬೇಕಾಗಿರುವುದು ಆ ಕಾರಣವೇ. ಈ ಪಾಠಾಂತರವನ್ನು ಏಕೆ ಆರಿಸಿದರು ಎಂದು ಹತ್ತು ವರ್ಷಗಳ ಬಳಿಕ ಕೇಳುವ ಹೊಸ ಸಂಪಾದಕನಿಗೆ ಉತ್ತರ ಸಿಗುವುದು ಗಿಟ್‌ನ ಕಮಿಟ್ ಟಿಪ್ಪಣಿಯಲ್ಲಿ, ಅಂದರೆ ತಿದ್ದುಪಡಿಯನ್ನು ದಾಖಲಿಸುವಾಗ ಅದರ ಜೊತೆ ಬರೆದಿಡುವ ಮಾತಿನಲ್ಲಿ.