ಯೂನಿಯನ್ ಪಾಠ ಮಾಡಿ ಎಂದ ವಿಸ್ಕಾನ್ಸಿನ್‌ನಲ್ಲಿ ಆಮೇಲೆ ಏನಾಯ್ತು?

ಸರ್ಕಾರಿ ಶಾಲೆಯಲ್ಲಿ ಕಾರ್ಮಿಕ ಸಂಘಗಳ ಇತಿಹಾಸ ಕಲಿಸಬೇಕೇ ಬೇಡವೇ ಎಂಬ ಜಗಳ ಅಮೆರಿಕದಲ್ಲಿ ಹಳೆಯದು. ವಿಸ್ಕಾನ್ಸಿನ್ ರಾಜ್ಯದಲ್ಲಿ ಅದು ಸಿಕ್ಕಾಗಿರುವಷ್ಟು ಬೇರೆಡೆ ಆಗಿರಲಿಕ್ಕಿಲ್ಲ.

ಹೇಳಲು ಕಥೆಗೇನೂ ಬರ ಇಲ್ಲ. 1886ರ ಮೇ ತಿಂಗಳಲ್ಲಿ ಈ ರಾಜ್ಯದ ಮಿಲ್ವಾಕಿ ನಗರದ ಕಾರ್ಮಿಕರು ದಿನಕ್ಕೆ ಎಂಟೇ ಗಂಟೆ ಕೆಲಸ ಎಂದು ಬೀದಿಗಿಳಿದರು. ಮೇ 5ರಂದು ಬೇ ವ್ಯೂನ ಕಬ್ಬಿಣದ ಕಾರ್ಖಾನೆಯತ್ತ ಮೆರವಣಿಗೆ ಹೊರಟವರ ಮೇಲೆ ರಾಜ್ಯದ ಸೇನಾ ತುಕಡಿ ಗುಂಡು ಹಾರಿಸಿತು. ಕನಿಷ್ಠ ಏಳು ಜನ ಸತ್ತರು. ಅವರಲ್ಲಿ ಒಬ್ಬ 13 ವರ್ಷದ ಹುಡುಗ. ಷಿಕಾಗೋದ ಹೇಮಾರ್ಕೆಟ್ ಘಟನೆ, ಅಂದರೆ ಕಾರ್ಮಿಕರ ಸಭೆಯಲ್ಲಿ ಬಾಂಬ್ ಸಿಡಿದದ್ದು, ಹಿಂದಿನ ದಿನದ್ದು. ನಮ್ಮ ಮೇ 1ರ ರಜೆಯ ಬೇರು ಆ ಹೋರಾಟದಲ್ಲೇ ಇದೆ. ಆದರೆ ಅಮೆರಿಕದಲ್ಲಿ ಕಾರ್ಮಿಕರ ದಿನ ಸೆಪ್ಟೆಂಬರ್‌ನ ಮೊದಲ ಸೋಮವಾರ. ವಿಸ್ಕಾನ್ಸಿನ್‌ನಲ್ಲಿ ಶಾಲೆ ಶುರುವಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮೇಷ್ಟ್ರು ಮಕ್ಕಳ ಹೆಸರು ಕಲಿಯುವಷ್ಟರಲ್ಲಿ ಆ ದಿನ ಕಳೆದೇ ಹೋಗಿರುತ್ತದೆ.

ಅಲ್ಲಿಂದ 1959ಕ್ಕೆ ಬಂದರೆ, ಸ್ಥಳೀಯ ಸಂಸ್ಥೆಗಳ ನೌಕರರಿಗೆ ಸಾಮೂಹಿಕ ಚೌಕಾಸಿಯ (ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಸಂಘದ ಮೂಲಕ ಒಟ್ಟಾಗಿ ಮಾತುಕತೆ ನಡೆಸುವ) ಹಕ್ಕು ಕೊಟ್ಟ ಮೊದಲ ರಾಜ್ಯ ಇದೇ. ಆದರೆ ಮುಷ್ಕರಕ್ಕೆ ಅನುಮತಿ ಇರಲಿಲ್ಲ. 1974ರಲ್ಲಿ ಹಾರ್ಟನ್‌ವಿಲ್ ಎಂಬ ಸಣ್ಣ ಊರಿನ ಶಿಕ್ಷಕರು ಮುಷ್ಕರ ಹೂಡಿದಾಗ 80ಕ್ಕೂ ಹೆಚ್ಚು ಜನ ಒಟ್ಟಿಗೇ ಕೆಲಸ ಕಳೆದುಕೊಂಡರು. 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಶಾಲಾ ಮಂಡಳಿಯ ಪರವಾಗಿಯೇ ತೀರ್ಪು ಕೊಟ್ಟಿತು.

ಇದೆಲ್ಲ ಮಕ್ಕಳಿಗೆ ಗೊತ್ತಿರಲಿ ಎಂದು ಕಾರ್ಮಿಕ ಇತಿಹಾಸದ ಆಸಕ್ತರು ವರ್ಷಗಟ್ಟಲೆ ಓಡಾಡಿದ ಮೇಲೆ, 2009ರ ಡಿಸೆಂಬರ್‌ನಲ್ಲಿ ಕಾನೂನು ಬಂತು. ಸಮಾಜ ವಿಜ್ಞಾನದ ಮಾದರಿ ಪಠ್ಯಕ್ರಮದಲ್ಲಿ ಕಾರ್ಮಿಕ ಸಂಘಟನೆಗಳ ಇತಿಹಾಸ, ಸಾಮೂಹಿಕ ಚೌಕಾಸಿಯ ವಿಧಾನ ಎರಡೂ ಇರಬೇಕು ಎಂದಾಯಿತು. 'ಮಾದರಿ' ಅಂದರೆ ಕಡ್ಡಾಯವಲ್ಲ. ತರಗತಿಯಲ್ಲಿ ಏನು ಕಲಿಸಬೇಕು ಎಂಬುದನ್ನು ಆಯಾ ಶಾಲಾ ಜಿಲ್ಲೆಯೇ ತೀರ್ಮಾನಿಸುತ್ತದೆ. ಕಲಿಸದಿದ್ದರೆ ಕೇಳುವವರಿಲ್ಲ. ಪಾಠ ಒತ್ತಾಯದ್ದಾಯ್ತು ಎಂದು ಹುಬ್ಬು ಗಂಟಿಕ್ಕಿದವರೂ ಇದ್ದರು, ಆದರೆ ಒತ್ತಾಯ ಎಲ್ಲಿತ್ತು ಅಂತ ನನಗಂತೂ ಕಾಣುವುದಿಲ್ಲ.

2010ರ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು. 2011ರ ಫೆಬ್ರುವರಿಯಲ್ಲಿ, ಬಜೆಟ್ ಕೊರತೆ ತುಂಬಿಸಬೇಕು ಎಂಬ ಕಾರಣದೊಂದಿಗೆ ಇನ್ನೊಂದು ಮಸೂದೆ ಬಂತು. ಶಿಕ್ಷಕರೂ ಸೇರಿ ಬಹುತೇಕ ಸರ್ಕಾರಿ ನೌಕರರು ಇನ್ನು ಮೂಲ ವೇತನದ ಬಗ್ಗೆ ಮಾತ್ರ ಚೌಕಾಸಿ ಮಾಡಬಹುದು, ಅದೂ ಬೆಲೆ ಏರಿಕೆಯ ಮಿತಿಯೊಳಗೆ. ಸಂಬಳದಲ್ಲಿ ಯೂನಿಯನ್ ಚಂದಾ ಹಿಡಿಯುವಂತಿಲ್ಲ. ಪ್ರತಿ ವರ್ಷ ಮತದಾನ ನಡೆಸಿ, ಒಟ್ಟು ನೌಕರರಲ್ಲಿ ಶೇ. 51ರಷ್ಟು ಜನ ಬೇಕು ಅಂದರೆ ಮಾತ್ರ ಯೂನಿಯನ್ ಉಳಿಯುತ್ತದೆ. ಪೊಲೀಸರಿಗೆ, ಅಗ್ನಿಶಾಮಕ ಸಿಬ್ಬಂದಿಗೆ ವಿನಾಯಿತಿ.

ರಾಜಧಾನಿ ಮ್ಯಾಡಿಸನ್‌ನಲ್ಲಿ ಶಿಕ್ಷಕರು ಸಾಲಾಗಿ ರಜೆ ಹಾಕಿದ್ದರಿಂದ ಕೆಲವು ದಿನ ಶಾಲೆಗಳೇ ಮುಚ್ಚಿದವು. ಹೈಸ್ಕೂಲು ಮಕ್ಕಳು ತರಗತಿ ಬಿಟ್ಟು ಶಾಸನಸಭೆ ಇರುವ ಕ್ಯಾಪಿಟಲ್ ಕಟ್ಟಡಕ್ಕೆ ನಡೆದರು. ಕಟ್ಟಡದ ಅಮೃತಶಿಲೆಯ ನೆಲದ ಮೇಲೆ ಜನ ರಾತ್ರಿ ಮಲಗಿದರು. ಪಕ್ಕದ ಪಿಜ್ಜಾ ಅಂಗಡಿಗೆ ಈಜಿಪ್ಟಿನಿಂದಲೂ ಫೋನು ಬಂತು: ದುಡ್ಡು ನಮ್ಮದು, ಅಲ್ಲಿರುವವರಿಗೆ ಊಟ ಕಳಿಸಿ ಅಂತ. ಮತ ಹಾಕಲು ಕೋರಂ (ಬೇಕಾದ ಕನಿಷ್ಠ ಹಾಜರಾತಿ) ಸಿಗದಿರಲಿ ಎಂದು ವಿರೋಧ ಪಕ್ಷದ 14 ರಾಜ್ಯ ಸೆನೆಟರುಗಳು ಪಕ್ಕದ ಇಲಿನಾಯ್ಸ್‌ಗೆ ಹೋಗಿ ಕೂತರು. ಮಾರ್ಚ್ 11ರಂದು ಮಸೂದೆಗೆ ಸಹಿ ಬಿತ್ತು.

ಒಂದು ಕಾನೂನು ಚೌಕಾಸಿ ಏನೆಂದು ಕಲಿಸಿ ಎನ್ನುತ್ತದೆ, ಇನ್ನೊಂದು ಕಲಿಸುವವರ ಚೌಕಾಸಿಯನ್ನೇ ಹೆಚ್ಚುಕಡಿಮೆ ತೆಗೆದುಬಿಡುತ್ತದೆ. ಎರಡರ ನಡುವೆ ಸುಮಾರು 15 ತಿಂಗಳು. ಎರಡಕ್ಕೂ ಬಹುಮತ ಇತ್ತು ಅನ್ನುವುದನ್ನೂ ಮರೆಯಬಾರದು, ಅಲ್ವಾ? 2010ರಲ್ಲಿ ಸರ್ಕಾರಿ, ಖಾಸಗಿ ಎಲ್ಲ ಸೇರಿ ರಾಜ್ಯದಲ್ಲಿ ದುಡಿಯುವ ನೌಕರರಲ್ಲಿ ಯೂನಿಯನ್ ಸದಸ್ಯರು ನೂರಕ್ಕೆ ಸುಮಾರು 14 ಇದ್ದರು, 2016ಕ್ಕೆ ಸುಮಾರು 8ಕ್ಕೆ ಇಳಿದರು.

2024ರ ಡಿಸೆಂಬರ್‌ನಲ್ಲಿ ಮ್ಯಾಡಿಸನ್ ಇರುವ ಡೇನ್ ಕೌಂಟಿಯ (ಜಿಲ್ಲೆಯಂಥದ್ದು) ನ್ಯಾಯಾಧೀಶರೊಬ್ಬರು 2011ರ ಕಾನೂನಿನ ಮುಖ್ಯ ಭಾಗಗಳನ್ನು ರದ್ದು ಮಾಡಿದರು. ಆ ತೀರ್ಪಿನ ವಿರುದ್ಧ ಮೇಲ್ಮನವಿ ಹೋಯಿತು. 2009ರ ಕಾನೂನನ್ನು ಯಾರೂ ಕೋರ್ಟಿಗೆ ಎಳೆಯುವ ಗೋಜಿಗೆ ಹೋದಂತಿಲ್ಲ. ಅದರಿಂದ ಯಾರಿಗೂ ತೊಂದರೆ ಆಗಿಲ್ಲವಲ್ಲ.