ವಿಮೆಗೊಂದು ಸರ್ಕಾರಿ ಸಂತೆ: ಅಮೆರಿಕದ ರಾಜ್ಯಗಳು ಕಟ್ಟಿದ್ದು, ಕೆಡವಿದ್ದು, ಮತ್ತೆ ಕಟ್ಟಿದ್ದು

ಅಮೆರಿಕದಲ್ಲಿ ದೊಡ್ಡ ಕಂಪನಿಯ ನೌಕರರಿಗೆ ಆರೋಗ್ಯ ವಿಮೆ ಕೆಲಸದ ಜೊತೆಗೇ ಬರುತ್ತದೆ. ಪರದಾಟವೆಲ್ಲ ಸ್ವಂತ ದುಡಿಮೆಯವರದು, ಐದಾರು ಜನರನ್ನಿಟ್ಟುಕೊಂಡು ಅಂಗಡಿ ನಡೆಸುವವರದು. 2014ಕ್ಕೆ ಮುಂಚೆ ಹೆಚ್ಚಿನ ರಾಜ್ಯಗಳಲ್ಲಿ ಒಬ್ಬಂಟಿ ಗ್ರಾಹಕನಿಗೆ ಸಕ್ಕರೆ ಕಾಯಿಲೆ ಇದೆಯೆಂದರೆ ಕಂತು ಏರುತ್ತಿತ್ತು, ಇಲ್ಲವೇ ಅರ್ಜಿಯೇ ವಾಪಸಾಗುತ್ತಿತ್ತು. ಸಣ್ಣ ಸಂಸ್ಥೆಯ ಒಬ್ಬ ಕೆಲಸಗಾರ ಗಂಭೀರವಾಗಿ ಕಾಯಿಲೆ ಬಿದ್ದರೆ ಮರುವರ್ಷ ಎಲ್ಲರ ಕಂತೂ ಹೆಚ್ಚುವುದು ಹಲವು ರಾಜ್ಯಗಳಲ್ಲಿ ಮಾಮೂಲಾಗಿತ್ತು.

ಇವರಿಗಾಗಿ ರಾಜ್ಯವೇ ಮಾರುಕಟ್ಟೆ ನಡೆಸಲಿ ಎಂಬ ಯೋಚನೆಯನ್ನು ನಮ್ಮ ಎಪಿಎಂಸಿ ಯಾರ್ಡ್ ನೋಡಿದವರಿಗೆ ವಿವರಿಸುವುದು ಸುಲಭ. ಸಮಿತಿ ಬೆಳೆ ಬೆಳೆಯುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಜಾಗ, ತೂಕ, ನಿಯಮ ಒದಗಿಸಿ ವಹಿವಾಟಿನ ಮೇಲೆ ಸೆಸ್ ಪಡೆಯುತ್ತದೆ. ‘ಎಕ್ಸ್‌ಚೇಂಜ್’ ಎಂದು ಕರೆಯುವ ಈ ವಿಮೆ ಮಾರುಕಟ್ಟೆ ಕೂಡ ಖಾಸಗಿ ಕಂಪನಿಗಳ ಪಾಲಿಸಿಗಳನ್ನು ಒಂದೇ ಅಳತೆಯಲ್ಲಿ ಜೋಡಿಸಿಟ್ಟು, ಕಂತಿನ ಮೇಲೆ ಇಂತಿಷ್ಟು ಶುಲ್ಕ ಪಡೆಯುತ್ತದೆ. ಮುಂದೆ ಇವು ಮುಗ್ಗರಿಸಿದ ಕಡೆ ನೋಡಿದರೆ, ಒಂದೋ ತೂಕದ ಯಂತ್ರ ಕೆಟ್ಟಿತ್ತು, ಇಲ್ಲವೇ ಸೆಸ್ಸಿನ ಲೆಕ್ಕ ಹೊಂದಿರಲಿಲ್ಲ.

ಮೊದಲ ಪೂರ್ಣ ಪ್ರಯೋಗ ಮ್ಯಾಸಚೂಸೆಟ್ಸ್‌ನದು. 2006ರ ಏಪ್ರಿಲ್ 12ರಂದು ಗವರ್ನರ್ ಮಿಟ್ ರಾಮ್ನಿ ಸಹಿ ಹಾಕಿದ ಕಾನೂನು ‘ಕನೆಕ್ಟರ್’ ಎಂಬ ಪ್ರಾಧಿಕಾರವನ್ನು ಹುಟ್ಟುಹಾಕಿತು. ವಿಮೆ ಕಡ್ಡಾಯವಾಯಿತು. ಬಡತನ ರೇಖೆಯ ಮೂರು ಪಟ್ಟಿನವರೆಗಿನ ಆದಾಯಕ್ಕೆ ಸಹಾಯಧನ ಸಿಕ್ಕಿತು. 11 ಅಥವಾ ಹೆಚ್ಚು ಪೂರ್ಣಾವಧಿ ಕೆಲಸಗಾರರಿದ್ದೂ ವಿಮೆಗೆ ತಕ್ಕ ಪಾಲು ಕೊಡದ ಮಾಲೀಕರು ತಲೆಗೆ ವರ್ಷಕ್ಕೆ 295 ಡಾಲರ್‌ವರೆಗೆ ಕಟ್ಟಬೇಕಾಯಿತು. 2007ರಲ್ಲಿ ಒಬ್ಬಂಟಿಗಳನ್ನೂ ಸಣ್ಣ ಸಂಸ್ಥೆಗಳನ್ನೂ ಒಂದೇ ಗುಂಪಾಗಿ ಎಣಿಸತೊಡಗಿದರು. ಗುಂಪು ದೊಡ್ಡದಾದಷ್ಟೂ ಒಬ್ಬರ ದುಬಾರಿ ಚಿಕಿತ್ಸೆ ಉಳಿದವರ ಮೇಲೆ ತೆಳುವಾಗಿ ಹರಡುತ್ತದೆ. ನನ್ನ ಮಟ್ಟಿಗೆ ಇಡೀ ಕಾನೂನಿನ ಜಾಣತನ ಇದ್ದದ್ದು ಅಲ್ಲೇ.

2010ರ ಮಾರ್ಚ್ 23ರಂದು ಬರಾಕ್ ಒಬಾಮಾ ಸಹಿ ಹಾಕಿದ ಅಫರ್ಡಬಲ್ ಕೇರ್ ಆ್ಯಕ್ಟ್ ಈ ಮಾದರಿಯನ್ನು ದೇಶಕ್ಕೇ ಹರಡಿತು. 2014ರ ಜನವರಿ 1ಕ್ಕೆ ಪ್ರತಿ ರಾಜ್ಯದಲ್ಲೂ ಎಕ್ಸ್‌ಚೇಂಜ್ ಇರಬೇಕು, ಇಲ್ಲವಾದರೆ ಕೇಂದ್ರವೇ ನಡೆಸುತ್ತದೆ. 2015ರಿಂದ ಎಕ್ಸ್‌ಚೇಂಜ್ ತನ್ನ ಖರ್ಚು ತಾನೇ ದುಡಿದುಕೊಳ್ಳಬೇಕು. ಹಳೆಯ ಕಾಯಿಲೆಯ ನೆಪದಲ್ಲಿ ನಿರಾಕರಿಸುವಂತಿಲ್ಲ. ಹಿರಿಯರ ಕಂತು ಕಿರಿಯ ವಯಸ್ಕರ ಕಂತಿನ ಮೂರು ಪಟ್ಟು ಮೀರುವಂತಿಲ್ಲ. ಚಿಕಿತ್ಸಾ ವೆಚ್ಚದಲ್ಲಿ ಕಂಪನಿ ಸರಾಸರಿ ಶೇ 60 ಭರಿಸಿದರೆ ಬ್ರಾಂಜ್, 70 ಸಿಲ್ವರ್, 80 ಗೋಲ್ಡ್, 90 ಪ್ಲಾಟಿನಂ.

ಸಹಾಯಧನದ ಲೆಕ್ಕವನ್ನು ಉದಾಹರಣೆಯಲ್ಲೇ ನೋಡಬೇಕು. ನಿಮ್ಮ ಊರಿನಲ್ಲಿ ಅಗ್ಗದಿಂದ ಎರಡನೆಯ ಸಿಲ್ವರ್ ಪಾಲಿಸಿಯೇ ಮಾನದಂಡ. ಅದರ ತಿಂಗಳ ಕಂತು 500 ಡಾಲರ್, ನಿಮ್ಮ ಆದಾಯಕ್ಕೆ ನೀವು ಕೊಡಬೇಕಾದ ಪಾಲು 200 ಎಂದಿಟ್ಟುಕೊಳ್ಳಿ, ಸಹಾಯಧನ 300. ಆ 300ನ್ನು 350ರ ಬ್ರಾಂಜ್‌ಗೆ ಹಚ್ಚಿದರೆ ಕೈಯಿಂದ 50, 600ರ ಗೋಲ್ಡ್‌ಗೆ ಹಚ್ಚಿದರೆ 300. ಬ್ರಾಂಜ್ ಅಗ್ಗವೆಂದು ಹಾರುವವರು ಒಂದು ಮಾತು ಮರೆಯುತ್ತಾರೆ: ಬಡತನ ರೇಖೆಯ ಎರಡೂವರೆ ಪಟ್ಟಿನೊಳಗಿನ ಆದಾಯದವರಿಗೆ ಆಸ್ಪತ್ರೆಯಲ್ಲಿ ಕೈಯಿಂದ ಕಟ್ಟುವ ಮೊತ್ತವನ್ನು ತಗ್ಗಿಸುವ ಇನ್ನೊಂದು ನೆರವಿದೆ, ಅದು ಸಾಮಾನ್ಯವಾಗಿ ಸಿಲ್ವರ್ ಕೊಂಡವರಿಗೆ ಮಾತ್ರ.

ಇದೆಲ್ಲ ನಡೆಯಬೇಕಾದರೆ ಅರ್ಜಿ ಹಾಕಿದ ಗಳಿಗೆಯಲ್ಲೇ ಆದಾಯ, ಪೌರತ್ವ, ಕುಟುಂಬದ ಗಾತ್ರವನ್ನು ಕೇಂದ್ರದ ಕಡತಗಳೊಂದಿಗೆ ತಾಳೆ ನೋಡಿ, ಇವರು ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ಗೋ ಸಹಾಯಧನಕ್ಕೋ ಎಂದು ತೀರ್ಮಾನಿಸಬೇಕು. ಇದೇ ಆ ತೂಕದ ಯಂತ್ರ. 2013ರ ಅಕ್ಟೋಬರ್ 1ರಂದು ಬಾಗಿಲು ತೆರೆದಾಗ ಹಲವೆಡೆ ಕೈಕೊಟ್ಟಿದ್ದೂ ಇದೇ. ಒರೆಗಾನ್ ರಾಜ್ಯ ಬಿಡಿ ಕೆಲಸಗಳನ್ನು ಜೋಡಿಸಿ ಒಪ್ಪಿಸುವ ಮುಖ್ಯ ಗುತ್ತಿಗೆದಾರನನ್ನೇ ಇಡದೆ ಆ ಹೊಣೆಯನ್ನು ತಾನೇ ಹೊತ್ತಿತ್ತು, ಜೊತೆಗೆ ಬೇರೆ ಕಲ್ಯಾಣ ಯೋಜನೆಗಳ ಗಣಕ ವ್ಯವಸ್ಥೆಯನ್ನೂ ಅದೇ ಏಟಿಗೆ ಹೊಸದು ಮಾಡಹೊರಟಿತ್ತು. ಕೊನೆಗೆ ನೂರಾರು ತಾತ್ಕಾಲಿಕ ನೌಕರರು ಕಾಗದದ ಅರ್ಜಿಗಳನ್ನು ಕೈಯಲ್ಲಿ ವಿಲೇವಾರಿ ಮಾಡಬೇಕಾಯಿತು. 2014ರಲ್ಲಿ ಅದು ಕೇಂದ್ರದ ಜಾಲತಾಣಕ್ಕೆ ಶರಣಾಯಿತು. ದಾರಿ ತೋರಿದ ಮ್ಯಾಸಚೂಸೆಟ್ಸ್‌ನ ಹೊಸ ತಾಣವೂ ಕುಸಿಯಿತು, ಏಕೆಂದರೆ ಹಿಂದೆ ಸಹಾಯಧನದ ಅರ್ಹತೆಯನ್ನು ಅಲ್ಲಿನ ಮೆಡಿಕೇಡ್ ಇಲಾಖೆಯೇ ನೋಡಿಕೊಳ್ಳುತ್ತಿತ್ತು, ಕನೆಕ್ಟರ್‌ಗೆ ಆ ಕೆಲಸ ಹೊಸದು. ಗೆದ್ದ ಕನೆಕ್ಟಿಕಟ್ ಮೊದಲ ದಿನಕ್ಕೆ ಬೇಕಾದಷ್ಟನ್ನೇ ಕಟ್ಟಿತ್ತು. ಮೇರಿಲ್ಯಾಂಡ್ ತನ್ನದನ್ನು ಬಿಸಾಡಿ ಅದನ್ನೇ ತಂದು ಹೂಡಿತು.

ಹವಾಯಿಯ ಸಮಸ್ಯೆ ಸೆಸ್ಸಿನದು. 1974ರಿಂದಲೇ ಮಾಲೀಕರು ವಿಮೆ ಕೊಡುವುದು ಅಲ್ಲಿ ಕಡ್ಡಾಯ, ಹಾಗಾಗಿ ಎಕ್ಸ್‌ಚೇಂಜ್‌ಗೆ ಬರುವ ಗಿರಾಕಿಗಳೇ ಕಡಿಮೆ. ಕಂತಿನ ಮೇಲಿನ ಶುಲ್ಕದಲ್ಲಿ ಖರ್ಚು ಹುಟ್ಟದೆ 2015ರಲ್ಲಿ ಅದು ಮುಚ್ಚಿತು.

ಸಣ್ಣ ಮಾಲೀಕರಿಗಾಗಿ ತೆರೆದ ‘ಶಾಪ್’ ವಿಭಾಗ ಹೆಚ್ಚಿನ ಕಡೆ ನಿರೀಕ್ಷೆ ಮುಟ್ಟಲಿಲ್ಲ, ಇದು ನಿಜಕ್ಕೂ ಬೇಸರದ ಸಂಗತಿ. ಯೋಚನೆ ಚೆನ್ನಾಗಿತ್ತು: ಮಾಲೀಕ ತನ್ನ ಪಾಲು ನಿಗದಿ ಮಾಡುತ್ತಾನೆ, ಏಳು ಕೆಲಸಗಾರರು ತಮಗೆ ಬೇಕಾದ ಏಳು ಪಾಲಿಸಿ ಆರಿಸುತ್ತಾರೆ, ಬಿಲ್ ಮಾತ್ರ ಒಂದೇ. ಆದರೆ ತೆರಿಗೆ ರಿಯಾಯಿತಿ ಸಿಗುವುದು 25ಕ್ಕಿಂತ ಕಡಿಮೆ ಕೆಲಸಗಾರರಿದ್ದು, ಸರಾಸರಿ ವೇತನ ಕಡಿಮೆಯಿದ್ದು, ಕಂತಿನ ಅರ್ಧವನ್ನಾದರೂ ಮಾಲೀಕ ಕೊಟ್ಟರೆ, ಅದೂ ಸತತ ಎರಡೇ ವರ್ಷ. 50ಕ್ಕಿಂತ ಕಡಿಮೆ ಜನರಿದ್ದರೆ ವಿಮೆ ಕೊಡದಿದ್ದಕ್ಕೆ ದಂಡವೂ ಇಲ್ಲ. ಮಾಲೀಕ ಕೈಗೆಟಕುವ ವಿಮೆ ಕೊಟ್ಟನೆಂದರೆ ಕೆಲಸಗಾರನಿಗೆ ಸಿಗಬಹುದಾಗಿದ್ದ ವೈಯಕ್ತಿಕ ಸಹಾಯಧನ ತಪ್ಪುತ್ತದೆ. ಕಡಿಮೆ ಸಂಬಳದವರಿರುವ ಅಂಗಡಿಯಲ್ಲಿ ಕೊಡದಿರುವುದೇ ಇಬ್ಬರಿಗೂ ಲಾಭವಾಯಿತು. 2018ರಿಂದ ಕೇಂದ್ರದ ತಾಣ ಶಾಪ್‌ನ ಆನ್‌ಲೈನ್ ನೋಂದಣಿಯನ್ನೇ ನಿಲ್ಲಿಸಿ, ಮಾಲೀಕರನ್ನು ಕಂಪನಿ ಇಲ್ಲವೇ ಏಜೆಂಟರ ಬಳಿ ಕಳಿಸಿತು.

ಆಮೇಲೆ ಗಾಳಿ ತಿರುಗಿತು. ಕೇಂದ್ರ ಕಂತಿನ ಶೇ 3.5ರವರೆಗೆ ಶುಲ್ಕ ಪಡೆಯುತ್ತಿತ್ತು. ಸಿದ್ಧ ತಂತ್ರಾಂಶ ಅಷ್ಟರಲ್ಲಿ ಅಗ್ಗವಾಗಿತ್ತು. ನೆವಾಡಾ 2020ಕ್ಕೆ, ಪೆನ್ಸಿಲ್ವೇನಿಯಾ 2021ಕ್ಕೆ, ವರ್ಜೀನಿಯಾ 2024ಕ್ಕೆ, ಜಾರ್ಜಿಯಾ 2025ಕ್ಕೆ ತಮ್ಮದೇ ಎಕ್ಸ್‌ಚೇಂಜ್ ನಡೆಸತೊಡಗಿದವು. ಪೆನ್ಸಿಲ್ವೇನಿಯಾ ಉಳಿದ ಹಣವನ್ನು ದುಬಾರಿ ಚಿಕಿತ್ಸೆಗಳ ಭಾರ ಹಂಚಿಕೊಳ್ಳುವ ಮರುವಿಮೆಗೆ ಹಾಕಿ ಕಂತು ಇಳಿಸಿತು.

ಅಲ್ಲಿರುವ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಕೆಲಸ ಹೋಗಿ ಕಂಪನಿಯ ವಿಮೆ ನಿಂತರೆ ಎಕ್ಸ್‌ಚೇಂಜ್‌ನಲ್ಲಿ ಕೊಳ್ಳಲು 60 ದಿನಗಳಿವೆ. ದಾಟಿದರೆ ವಾರ್ಷಿಕ ನೋಂದಣಿಯವರೆಗೆ ಕಾಯಬೇಕು. ಗ್ರೀನ್ ಕಾರ್ಡ್ ಪಡೆದು ಹೋದ 65 ದಾಟಿದ ತಂದೆತಾಯಿಗೆ ಐದು ವರ್ಷ ನೆಲೆಸುವ ತನಕ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಕೊಳ್ಳಲಾಗದು. ಅಲ್ಲಿಯವರೆಗೆ ಹೆಚ್ಚಿನವರಿಗೆ ಎಕ್ಸ್‌ಚೇಂಜೇ ದಾರಿ. 2025ರಲ್ಲಿ ಬಂದ ಕಾನೂನಿನ ಪ್ರಕಾರ ಎಚ್-1ಬಿ ವೀಸಾದವರಿಗೆ 2027ರಿಂದ ಸಹಾಯಧನ ಸಿಗುವುದಿಲ್ಲ, ಪೂರ್ತಿ ಕಂತು ತಾವೇ ಕಟ್ಟಬೇಕು.