ಮೊದಲ ಸೆಮಿಸ್ಟರಿನಲ್ಲೇ ಜಿಪಿಎ 1.6: ಅಮೆರಿಕದ ಯೂನಿವರ್ಸಿಟಿಯಿಂದ ಹೊರಗೆ ಹಾಕಿಬಿಡುತ್ತಾರಾ?

ಪ್ರಶ್ನೆ: ಅಮೆರಿಕದಲ್ಲಿ ಬಿಎಸ್ ಮೊದಲ ವರ್ಷದಲ್ಲಿದ್ದೇನೆ, ಎಫ್-1 (ವಿದ್ಯಾರ್ಥಿ) ವೀಸಾ. ಕ್ಯಾಲ್ಕುಲಸ್ ಫೇಲಾಗಿ ಜಿಪಿಎ (4ಕ್ಕೆ ಲೆಕ್ಕ ಹಾಕುವ ಗ್ರೇಡ್ ಸರಾಸರಿ) 1.6ಕ್ಕೆ ಇಳಿದಿದೆ. ‘ಅಕಾಡೆಮಿಕ್ ಪ್ರೊಬೇಷನ್’ ಅಂತ ಮೇಲ್ ಬಂದಿದೆ. ಈ ಸಲವೂ ಕಡಿಮೆಯಾದರೆ ಡಿಸ್ಮಿಸ್ ಮಾಡುತ್ತಾರಂತೆ. ವೀಸಾನೂ ಹೋಗುತ್ತಾ? ಹಾಸನದಲ್ಲಿರುವ ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ.

ಉತ್ತರ: ಪ್ರೊಬೇಷನ್ ಅಂದರೆ ಎಚ್ಚರಿಕೆ, ಅಷ್ಟೇ. ಅದರಿಂದ ವೀಸಾಕ್ಕೆ ಏನೂ ಆಗುವುದಿಲ್ಲ. ಬಹುತೇಕ ಕಡೆ ಬಿಎಸ್ ವಿದ್ಯಾರ್ಥಿಗೆ ಜಿಪಿಎ 2.0 ಇರಬೇಕು. ಅದಕ್ಕಿಂತ ಕೆಳಗೆ ಹೋದರೆ ಒಂದು ಸೆಮಿಸ್ಟರ್ ಅವಕಾಶ ಕೊಡುತ್ತಾರೆ. ಆಗಲೂ ಮೇಲೆ ಬರದಿದ್ದರೆ ಸಸ್ಪೆನ್ಷನ್ ಅಥವಾ ಡಿಸ್ಮಿಸಲ್. ನಿಯಮ ಒಂದೊಂದು ಕಡೆ ಒಂದೊಂದು ಥರ. ನಿಮ್ಮ ಯೂನಿವರ್ಸಿಟಿಯ ಕ್ಯಾಟಲಾಗ್ ತೆಗೆದು ಆ ಪುಟ ಓದಿ. ರೂಮ್‌ಮೇಟ್ ಹೇಳಿದ್ದನ್ನು ನಂಬಿ ಕೂರಬೇಡಿ.

ಮೊದಲು ಲೆಕ್ಕ ಹಾಕೋಣ. ಎ ಗ್ರೇಡಿಗೆ 4, ಬಿಗೆ 3, ಸಿಗೆ 2, ಎಫ್‌ಗೆ (ಫೇಲ್) ಸೊನ್ನೆ; ಇದನ್ನು ಕೋರ್ಸಿನ ಕ್ರೆಡಿಟ್‌ನಿಂದ, ಅಂದರೆ ಕೋರ್ಸಿನ ತೂಕದಿಂದ, ಗುಣಿಸಿದರೆ ಪಾಯಿಂಟ್. 15 ಕ್ರೆಡಿಟ್‌ಗೆ 1.6 ಅಂದರೆ ನಿಮ್ಮ ಕೈಯಲ್ಲಿರುವುದು 24 ಪಾಯಿಂಟ್. ಮುಂದಿನ 15 ಕ್ರೆಡಿಟ್‌ನಲ್ಲಿ 36 ಪಾಯಿಂಟ್ ಬಂದರೆ ಒಟ್ಟು 2.0 ಆಗುತ್ತದೆ. ಅಂದರೆ ಈ ಸೆಮಿಸ್ಟರಿನಲ್ಲಿ 2.4 ಬೇಕು. ಸಿ ಮತ್ತು ಬಿ ಗ್ರೇಡ್‌ಗಳು ಬೆರೆತರೆ ಸಿಗುವ ಸಂಖ್ಯೆ ಇದು, ಆಕಾಶದಲ್ಲೇನೂ ಇಲ್ಲ.

ಇನ್ನೂ ಸುಲಭದ ದಾರಿ ಇರಬಹುದು. ಎಷ್ಟೋ ಕಡೆ ಫೇಲಾದ ಕೋರ್ಸನ್ನು ಮತ್ತೆ ತೆಗೆದುಕೊಂಡರೆ ಹಳೇ ಎಫ್ ಬದಲು ಹೊಸ ಗ್ರೇಡನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಕ್ಯಾಲ್ಕುಲಸ್ 4 ಕ್ರೆಡಿಟ್ ಅಂದುಕೊಳ್ಳಿ. ಅದರಲ್ಲಿ ಬರೀ ಸಿ ಬಂದರೂ 8 ಪಾಯಿಂಟ್ ಸೇರಿ, ಅದೇ 15 ಕ್ರೆಡಿಟ್‌ಗೆ 32 ಆಗುತ್ತದೆ. ಜಿಪಿಎ 2.13! ಆದರೆ ಕೆಲವು ಯೂನಿವರ್ಸಿಟಿಗಳು ಎರಡೂ ಗ್ರೇಡನ್ನು ಸೇರಿಸುತ್ತವೆ. ಆಗ ಈ ಲೆಕ್ಕ ನಡೆಯುವುದಿಲ್ಲ, ರಿಜಿಸ್ಟ್ರಾರ್ ಆಫೀಸಿನಲ್ಲಿ ಮೊದಲೇ ಕೇಳಿ. ಇನ್ನೊಂದು ಮಾತು. ಪಕ್ಕದ ಕಮ್ಯೂನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಕಡಿಮೆ ಫೀಸಿಗೆ ಅದೇ ಕೋರ್ಸ್ ಮುಗಿಸಿದರೆ ಸಾಮಾನ್ಯವಾಗಿ ಕ್ರೆಡಿಟ್ ಮಾತ್ರ ಬರುತ್ತದೆ, ಜಿಪಿಎ ಇದ್ದಲ್ಲೇ ಇರುತ್ತದೆ.

ಈಗ ವೀಸಾ ವಿಷಯ. ಜಾಸ್ತಿ ಜನ ಎಡವುವುದು ಇಲ್ಲೇ. ಕಷ್ಟ ಆಯಿತು ಅಂತ ರಾತ್ರಿ ಲಾಗಿನ್ ಆಗಿ ಒಂದು ಕೋರ್ಸ್ ಡ್ರಾಪ್ ಮಾಡುತ್ತಾರೆ. 12 ಕ್ರೆಡಿಟ್ ಇದ್ದದ್ದು 9 ಆಗುತ್ತದೆ. ಎಫ್-1 ವಿದ್ಯಾರ್ಥಿ ಅನುಮತಿ ಇಲ್ಲದೆ 12ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಜಿಪಿಎ ಉಳಿಸಲು ಹೋಗಿ ವಿದ್ಯಾರ್ಥಿಯಾಗಿ ಅಲ್ಲಿರುವ ಸ್ಟೇಟಸ್ಸನ್ನೇ ಕಳೆದುಕೊಂಡ ಹಾಗಾಯಿತು, ಅಲ್ವಾ? ಅದಕ್ಕೇ ಮೊದಲು ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ದಾಖಲೆ ನೋಡಿಕೊಳ್ಳುವ ಅಧಿಕಾರಿ), ಆಮೇಲೆ ಡ್ರಾಪ್ ಬಟನ್. ಅವರೇ ಅನುಮತಿ ಕೊಡಬಲ್ಲರು. ಅಮೆರಿಕದ ಪಾಠದ ರೀತಿ ಹೊಸದು, ಇಂಗ್ಲಿಷ್ ಓದು ಭಾರವಾಗುತ್ತಿದೆ, ತಪ್ಪು ಮಟ್ಟದ ಕೋರ್ಸಿಗೆ ಸೇರಿಸಿದ್ದಾರೆ, ಇವೆಲ್ಲ ನಿಯಮದಲ್ಲೇ ಇರುವ ಕಾರಣಗಳು. ಆಗ 6 ಕ್ರೆಡಿಟ್‌ವರೆಗೂ ಇಳಿಯಬಹುದು. ಆದರೆ ಒಂದು ಡಿಗ್ರಿ ಮಟ್ಟಕ್ಕೆ ಒಂದೇ ಸಲ. ಕಾಯಿಲೆ ಅಥವಾ ಡಿಪ್ರೆಷನ್ ಇದ್ದರೆ ಡಾಕ್ಟರ ಪತ್ರದ ಮೇಲೆ ಬೇರೆ ರಿಯಾಯಿತಿ ಇದೆ, ಒಟ್ಟು 12 ತಿಂಗಳವರೆಗೆ.

ಒಂದು ವೇಳೆ ಡಿಸ್ಮಿಸ್ ಆದರೆ? ಪಾಸ್‌ಪೋರ್ಟಿನ ಸ್ಟ್ಯಾಂಪು ಹಾಗೇ ಇರುತ್ತದೆ, ಆದರೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ಆನ್‌ಲೈನ್ ದಾಖಲೆ ವ್ಯವಸ್ಥೆ) ದಾಖಲೆ ಮುಚ್ಚಿದರೆ ಅಲ್ಲಿರುವ ಹಕ್ಕು ಇರುವುದಿಲ್ಲ. ಡಿಗ್ರಿ ಮುಗಿಸಿದವರಿಗೆ ಸಿಗುವ 60 ದಿನದ ಗಡುವು ಇಲ್ಲಿ ಅನ್ವಯಿಸುವುದಿಲ್ಲ. ಅನುಮತಿ ಪಡೆದು ಮೊದಲೇ ತಾವಾಗಿ ಬಿಟ್ಟರೆ ಹೊರಡಲು 15 ದಿನ ಸಿಗುತ್ತದೆ. ಅದಕ್ಕಿಂತ ವಾಸಿಯಾದದ್ದು, ಸೆವಿಸ್ ಇನ್ನೂ ಚಾಲ್ತಿಯಲ್ಲಿರುವಾಗಲೇ ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಆಗುವುದು. ಇದಕ್ಕೆ ಮೊದಲೇ ಆ ಕಾಲೇಜಿನಲ್ಲಿ ಸೀಟು ಸಿಕ್ಕಿರಬೇಕು. ಹಾಗಾಗಿ ಮಿಡ್‌ಟರ್ಮ್ ಹೊತ್ತಿಗೆ ಪರಿಸ್ಥಿತಿ ಚೆನ್ನಾಗಿಲ್ಲ ಅನ್ನಿಸಿದರೆ ಆಗಲೇ ಅರ್ಜಿ ಹಾಕಿಡಿ. ಕಮ್ಯೂನಿಟಿ ಕಾಲೇಜಾದರೂ ಪರವಾಗಿಲ್ಲ.

ಡಿಸ್ಮಿಸಲ್ ವಿರುದ್ಧ ಅಪೀಲ್ ಹಾಕಬಹುದು. ಗಡುವು ಬಹಳ ಕಡಿಮೆ ಇರುತ್ತದೆ, ಯೂನಿವರ್ಸಿಟಿ ಮೇಲನ್ನು ದಿನಾ ನೋಡಿ. ಪತ್ರದಲ್ಲಿ ಪ್ರೊಫೆಸರನ್ನು ಬೈಯಬೇಡಿ, ‘ಇನ್ನು ಮುಂದೆ ಚೆನ್ನಾಗಿ ಓದುತ್ತೇನೆ’ ಅಂತ ಸುಮ್ನೆ ಬರೆಯಲೂ ಬೇಡಿ. ಏನಾಯಿತು, ಅದಕ್ಕೆ ದಾಖಲೆ ಏನು, ಈಗ ಏನು ಬದಲಾಗಿದೆ, ಇಷ್ಟು ಸಾಕು. ‘ವಾರಕ್ಕೆರಡು ಸಲ ಟ್ಯೂಟರಿಂಗ್ ಸೆಂಟರಿಗೆ ಹೋಗುತ್ತಿದ್ದೇನೆ, ಹಾಜರಿ ಲಗತ್ತಿಸಿದೆ’ ಅನ್ನುವ ಸಾಲು ಒಂದು ಪುಟದ ಕ್ಷಮಾಪಣೆಗಿಂತ ಮೇಲು. ಅಪೀಲ್ ಮುಗಿಯುವ ತನಕ ಸೆವಿಸ್ ತೆರೆದಿರುತ್ತದಾ ಅಂತ ಡಿಎಸ್‌ಒ ಹತ್ತಿರ ಕೇಳಿಕೊಳ್ಳಿ.

ಮನೆಗೆ ಹೇಳುವ ವಿಚಾರ. ಯೂನಿವರ್ಸಿಟಿ ನಿಮ್ಮ ಅಪ್ಪನಿಗೆ ಫೋನ್ ಮಾಡಿ ಹೇಳುವುದಿಲ್ಲ. ವಿದ್ಯಾರ್ಥಿಯ ದಾಖಲೆಯನ್ನು ಅವನ ಒಪ್ಪಿಗೆ ಇಲ್ಲದೆ ಹೀಗೆ ಹಂಚಬಾರದು ಅಂತ 1974ರ ಫರ್ಪಾ ಕಾನೂನು ಇದೆ. ಅಪ್ಪ ಮೇಲ್ ಬರೆದು ಕೇಳಿದರೂ ಉತ್ತರ ಸಿಗುವುದು ಕಷ್ಟ. ಅಂದರೆ ನೀವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ. ಆದರೂ ಹೇಳಿ ಅನ್ನುತ್ತೇನೆ, ಯಾಕೆಂದರೆ ಮುಂದಿನ ಫೀಸು ಕಟ್ಟುವವರು ಅವರು. ಕ್ಲಾಸ್ ಶುರುವಾದ ಮೇಲೆ ಬಿಟ್ಟರೆ ವಾಪಸ್ ಸಿಗುವ ಹಣ ವಾರವಾರಕ್ಕೂ ಕಡಿಮೆಯಾಗುತ್ತಾ ಹೋಗುತ್ತದೆ. ಆ ದಿನಾಂಕಗಳು ಯೂನಿವರ್ಸಿಟಿಯ ಫೀಸು ಪುಟದಲ್ಲಿರುತ್ತವೆ, ಅದನ್ನೂ 2.4ರ ಲೆಕ್ಕವನ್ನೂ ಮುಂದಿಟ್ಟುಕೊಂಡು ಈ ಭಾನುವಾರ ಮನೆಗೆ ಫೋನ್ ಮಾಡಿ.